ಮೈಸೂರು ಹೈವೇಲಿ 100 ಯಾಕೆ, 120 ಮಾಡಬಾರ್ದಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಬೆಂಗಳೂರು–ಮೈಸೂರು ಹೈವೇ ಅಷ್ಟು ಚೆನ್ನಾಗಿದೆ, ಟೋಲ್ ಕಟ್ತೀವಿ, ಈಗಿನ ಕಾರುಗಳು ಆರು ಏರ್‌ಬ್ಯಾಗ್, 5 ಸ್ಟಾರ್ ಇಟ್ಕೊಂಡೇ ಬರ್ತವೆ. ಆದ್ರೂ 100 ದಾಟಿದ್ರೆ ಫೈನ್. ಇದನ್ನ 120 ಮಾಡಿದ್ರೆ ಏನ್ ತೊಂದ್ರೆ?

ಉತ್ತರ: ಈ ಪ್ರಶ್ನೆ ಬರದೇ ಇರೋ ವಾರ ಇಲ್ಲ, ಅದ್ರಲ್ಲೂ ದಸರಾ ರಜೆ, ಲಾಂಗ್ ವೀಕೆಂಡ್ ಮುಗಿದ ಮೇಲಂತೂ ಜಾಸ್ತಿ, ಯಾಕಂದ್ರೆ ಅಷ್ಟೊತ್ತಿಗೆ ಎಲ್ಲರ ಮೊಬೈಲಿಗೂ ಚಲನ್ ಮೆಸೇಜ್ ಬಂದಿರತ್ತೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡ್ತೀನಿ. ಉತ್ತರ ಮೊದಲೇ ಹೇಳ್ತೀನಿ: ಈ ರಸ್ತೇಲಿ, ಈಗಿರೋ ಸ್ಥಿತೀಲಿ, 120 ಬೇಡ.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊಸ ಮಿತಿ ಹೊರಡಿಸ್ತು, ಎಕ್ಸ್‌ಪ್ರೆಸ್‌ವೇಲಿ ಕಾರಿಗೆ 120, ಡಿವೈಡರ್ ಇರೋ ನಾಲ್ಕು ಲೇನಿನ ಅಥವಾ ಅದಕ್ಕಿಂತ ದೊಡ್ಡ ಹೈವೇಲಿ 100. ನಾವೆಲ್ಲ ಎಕ್ಸ್‌ಪ್ರೆಸ್‌ವೇ ಅಂತ ಕರೆಯೋ ಮೈಸೂರು ರಸ್ತೆ ದಾಖಲೇಲಿ ರಾಷ್ಟ್ರೀಯ ಹೆದ್ದಾರಿ 275, ಹಾಗಾಗಿ ಆ ಪಟ್ಟಿ ಪ್ರಕಾರವೂ 100ರ ಸಾಲಿಗೇ ಬರತ್ತೆ. ಆ ಪಟ್ಟೀನೂ 2021ರಲ್ಲಿ ಒಂದು ಅಪಘಾತ ಪರಿಹಾರದ ಕೇಸಲ್ಲಿ ಮದ್ರಾಸ್ ಹೈಕೋರ್ಟ್ ರದ್ದು ಮಾಡ್ತು. ಸ್ಪೀಡ್ ಜಾಸ್ತಿ ಮಾಡಿದ್ರೆ ಸಾವು ಜಾಸ್ತಿ ಆಗತ್ತೆ ಅನ್ನೋದೇ ಕೋರ್ಟಿನ ಆತಂಕ ಆಗಿತ್ತು. ಇನ್ನೊಂದು, 2024ರ ಆಗಸ್ಟಿಂದ ನಮ್ಮ ರಾಜ್ಯದಲ್ಲಿ 130 ದಾಟಿದ್ರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದ್ದನ್ನ ಕೆಲವರು "130ರ ತನಕ ಪರವಾಗಿಲ್ಲ" ಅಂತ ಓದಿಕೊಂಡಿದಾರೆ. ದಯವಿಟ್ಟು ಹಾಗೆ ಓದ್ಬೇಡಿ. 100 ದಾಟಿದ್ರೆ ದಂಡ, 130 ದಾಟಿದ್ರೆ ಕ್ರಿಮಿನಲ್ ಕೇಸು, ಅಷ್ಟೇ ವ್ಯತ್ಯಾಸ.

ಟೈಮ್ ಉಳಿಯತ್ತೆ ಅಂತೀರಿ. ಪೂರ್ತಿ 118 ಕಿಲೋಮೀಟರ್ ಒಂದು ಸಲವೂ ಬ್ರೇಕ್ ಮುಟ್ಟದೆ ಹೋದ್ರೂ 100ರಲ್ಲಿ ಸುಮಾರು 71 ನಿಮಿಷ, 120ರಲ್ಲಿ 59. ಹನ್ನೆರಡು ನಿಮಿಷ ಉಳೀತು. ಅದು ಕಾಗದದ ಮೇಲೆ. ನಡುವೆ ಟೋಲ್ ಇದೆ, ಲಾರಿ ಹಿಂದೆ ಸಿಕ್ಕಿಹಾಕ್ಕೊಳ್ಳೋದಿದೆ, ಮೈಸೂರು ಕಡೆ ಮಣಿಪಾಲ್ ಆಸ್ಪತ್ರೆ ಜಂಕ್ಷನ್ನು, ಬೆಂಗಳೂರು ಕಡೆ ಕೆಂಗೇರಿ, ನಾಯಂಡಹಳ್ಳಿ ಇದೆ, ಭಾನುವಾರ ಸಂಜೆ ಅಲ್ಲಿ ಎಷ್ಟು ಹೊತ್ತು ನಿಲ್ತೀರ ಅಂತ ನಿಮಗೇ ಗೊತ್ತು.

ಈಗ ನಾನು ನಿಜವಾಗ್ಲೂ ಬರೀಬೇಕು ಅಂದ್ಕೊಂಡಿರೋ ವಿಷಯಕ್ಕೆ ಬರ್ತೀನಿ. 120 ಬೇಕು ಅನ್ನೋ ಪ್ರತಿಯೊಬ್ಬರೂ ಕೊನೆಗೆ ತರೋ ಮಾತು ಒಂದಿದೆ: "ಸ್ಪೀಡಿಂದ ಯಾರೂ ಸಾಯಲ್ಲ ಸರ್, ಸ್ಪೀಡ್ ಡಿಫರೆನ್ಸಿಂದ ಸಾಯ್ತಾರೆ. ಎಲ್ಲರೂ ಒಂದೇ ಸ್ಪೀಡಲ್ಲಿ ಹೋದ್ರೆ 140ರಲ್ಲೂ ಏನೂ ಆಗಲ್ಲ. ನಿಜವಾದ ಅಪಾಯ ನಿಧಾನವಾಗಿ ಹೋಗೋರು." ಓದಿದವರು, ಇಂಜಿನಿಯರುಗಳು, ಒಳ್ಳೇ ಡ್ರೈವರುಗಳು ಕೂಡ ಇದನ್ನ ವಿಜ್ಞಾನ ಅಂತ ನಂಬಿಕೊಂಡಿದಾರೆ. ಅರ್ಧ ಸತ್ಯ ಇರೋದ್ರಿಂದಲೇ ಈ ಮಾತು ಸಾಯ್ತಿಲ್ಲ.

ಇದರ ಬೇರು ಎಲ್ಲಿದೆ ಅಂದ್ರೆ 1964ರಲ್ಲಿ ಅಮೆರಿಕದಲ್ಲಿ ಡೇವಿಡ್ ಸೊಲೊಮನ್ ಅನ್ನೋರು ಬರೆದ ಒಂದು ಸರ್ಕಾರಿ ವರದೀಲಿ. ಹಳ್ಳಿಗಾಡಿನ ಸುಮಾರು 600 ಮೈಲಿ ರಸ್ತೆ, ಅಪಘಾತಕ್ಕೆ ಸಿಕ್ಕ ಸುಮಾರು 10,000 ಡ್ರೈವರುಗಳ ಲೆಕ್ಕ ತಗೊಂಡು, ಸರಾಸರಿ ಸ್ಪೀಡಿಗಿಂತ ತುಂಬಾ ನಿಧಾನ ಹೋಗೋರೂ ತುಂಬಾ ಜೋರು ಹೋಗೋರೂ ಅಪಘಾತಕ್ಕೆ ಜಾಸ್ತಿ ಸಿಗ್ತಾರೆ ಅಂತ ಒಂದು ಗ್ರಾಫ್ ಹಾಕಿದ್ರು. ಸರಿ. ಆದ್ರೆ ಆ ರಸ್ತೆಗಳು ಬಹುಪಾಲು ಎರಡು ಲೇನಿನವು, ಡಿವೈಡರ್ ಇಲ್ಲದವು, ಅಡ್ಡ ರಸ್ತೆ ಇದ್ದವು. ನಿಧಾನ ಇದ್ದವರಲ್ಲಿ ಎಷ್ಟೋ ಜನ ಪಕ್ಕದ ರಸ್ತೆಗೆ ತಿರುಗೋಕೆ ಸ್ಲೋ ಮಾಡಿ ಗುದ್ದಿಸ್ಕೊಂಡವರು. ಸ್ಪೀಡ್ ಎಷ್ಟಿತ್ತು ಅನ್ನೋದೂ ಅಪಘಾತ ಆದ ಮೇಲೆ ಹೇಳಿದ್ದು, ಅಂದಾಜು ಮಾಡಿದ್ದು. 1970ರ ಆಸುಪಾಸಲ್ಲಿ ಬೇರೆ ಸಂಶೋಧಕರು ಹೀಗೆ ತಿರುಗ್ತಿದ್ದ ಗಾಡಿಗಳನ್ನ ಲೆಕ್ಕದಿಂದ ತೆಗೆದು ನೋಡಿದಾಗ ನಿಧಾನದವರ ಕಡೆಯ ಅಪಾಯ ತುಂಬಾ ಇಳಿದುಹೋಯ್ತು. ಈ ಎರಡನೇ ಭಾಗ ಯಾರ ಬಾಯಲ್ಲೂ ಬರಲ್ಲ. ಇನ್ನೊಂದು, ಆ ಗ್ರಾಫು ಹೇಳಿದ್ದು ಅಪಘಾತ ಆಗೋ ಸಾಧ್ಯತೆ ಬಗ್ಗೆ. ಆದ ಮೇಲೆ ಬದುಕ್ತೀರೋ ಇಲ್ವೋ ಅನ್ನೋದು ಬೇರೆ ಪ್ರಶ್ನೆ, ಅಲ್ಲಿ ಸ್ಪೀಡ್ ಏರಿದಷ್ಟೂ ಸಾವು ಏರತ್ತೆ, ಸೊಲೊಮನ್ ವರದೀಲೂ ಜೋರು ಹೋದವರ ಅಪಘಾತಗಳೇ ಜಾಸ್ತಿ ಭೀಕರ.

ಸರಿ, ಇದನ್ನೆಲ್ಲ ಪಕ್ಕಕ್ಕಿಟ್ಟು ಡಿಫರೆನ್ಸೇ ಮುಖ್ಯ ಅಂತ ಒಪ್ಕೊಳ್ಳೋಣ. ಆಗ ಇನ್ನೂ ಗಟ್ಟಿಯಾಗಿ ನಾನು 120 ಬೇಡ ಅಂತೀನಿ. ಯಾಕೆ ಅಂತ ನೋಡಿ. ಕಾರಿನ ಮಿತಿ ಏರಿಸಿದ ತಕ್ಷಣ ಲಾರಿ ಜೋರು ಓಡಲ್ಲ. ಲಾರಿಗೆ ಕಾನೂನಲ್ಲಿರೋದೇ 80, ಲೋಡ್ ತುಂಬಿದ ಗಾಡಿ ಏರಲ್ಲಿ 40–50ಕ್ಕೆ ಇಳಿಯತ್ತೆ. ಕಾರು 100ರಲ್ಲಿದ್ರೆ 80ರ ಲಾರಿ ಜೊತೆ ವ್ಯತ್ಯಾಸ 20. ಕಾರನ್ನ 120 ಮಾಡಿದ್ರೆ 40. ಡಬಲ್! ಡಿಫರೆನ್ಸ್ ಕೊಲ್ಲತ್ತೆ ಅಂತ ಹೇಳ್ಕೊಂಡು ಅದೇ ಡಿಫರೆನ್ಸನ್ನ ಡಬಲ್ ಮಾಡಿ ಅಂತ ಕೇಳ್ತಿದೀರಿ. ಕಾರುಗಳ ನಡುವೆ ಕೂಡ ಹಾಗೇ, 120 ಬೋರ್ಡ್ ಹಾಕಿದ ಮಾತ್ರಕ್ಕೆ ಎಲ್ಲರೂ 120ರಲ್ಲಿ ಹೋಗಲ್ಲ, ಹಳೇ ಕಾರಿನವರು, ಹೊಸದಾಗಿ ಕಲಿತವರು, ವಯಸ್ಸಾದವರು, ಹಿಂದಿನ ಸೀಟಲ್ಲಿ ಮಗು ಇಟ್ಕೊಂಡು ಹೋಗೋರು 80–90ರಲ್ಲೇ ಇರ್ತಾರೆ, ಇರಬೇಕು ಕೂಡ, ಮಿತಿ ಅಂದ್ರೆ ಅದಕ್ಕಿಂತ ಮೇಲೆ ಹೋಗಬೇಡಿ ಅಂತ, ಅಷ್ಟರಲ್ಲೇ ಹೋಗಿ ಅಂತಲ್ಲ.

ಇನ್ನು ನಮ್ಮ ರಸ್ತೇಲಿ ಸಿಗೋ ದೊಡ್ಡ ಡಿಫರೆನ್ಸ್ ಯಾವುದು? ನಿಂತಿರೋ ಗಾಡಿ. ಟೈಲ್ ಲ್ಯಾಂಪ್ ಇಲ್ಲದೆ ಅಂಚಿಗೆ ಹಾಕಿರೋ ಲಾರಿ, ಬೇಲಿ ದಾಟಿ ಬರೋ ಮನುಷ್ಯ, ಎದುರುಗಡೆಯಿಂದ ರಾಂಗ್ ಸೈಡಲ್ಲಿ ಬರೋ ಗಾಡಿ. ಅವರ ಸ್ಪೀಡ್ ಸೊನ್ನೆ, ಅಥವಾ ಸೊನ್ನೆಗಿಂತ ಕೆಳಗೆ. ಅವರ ಮುಂದೆ ನಿಮ್ಮ ಡಿಫರೆನ್ಸ್ ಅಂದ್ರೆ ನಿಮ್ಮ ಪೂರ್ತಿ ಸ್ಪೀಡೇ.

ಇದರ ಲೆಕ್ಕ ನಾನು ಕೇಳಿದವರಿಗೆಲ್ಲ ಬರೆದು ತೋರಿಸ್ತೀನಿ, ನೀವೂ ಒಂದು ಸಲ ಮಾಡಿ ನೋಡಿ. ಮುಂದೆ ಏನೋ ಇದೆ ಅಂತ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಇಟ್ಕೊಳ್ಳಿ. 100ರಲ್ಲಿ ಆ ಹೊತ್ತಿಗೆ 42 ಮೀಟರ್ ಹೋಗಿರ್ತೀರಿ, 120ರಲ್ಲಿ 50. ಆಮೇಲೆ ಒಣ ರಸ್ತೆ, ಒಳ್ಳೇ ಟೈರ್, ಗಟ್ಟಿ ಬ್ರೇಕ್ ಇದ್ರೆ ನಿಲ್ಲೋಕೆ 100ರಿಂದ ಸುಮಾರು 56 ಮೀಟರ್, 120ರಿಂದ 81. ಒಟ್ಟು 98 ಮತ್ತು 131. ಈಗ ಅಡ್ಡಿ ಸರಿಯಾಗಿ 98 ಮೀಟರ್ ದೂರದಲ್ಲಿದೆ ಅಂದ್ಕೊಳ್ಳಿ. 100ರಲ್ಲಿದ್ದವರು ಅದನ್ನ ಮುಟ್ಟದೆ ನಿಂತ್ರು. 120ರಲ್ಲಿದ್ದವರು ಅದೇ ಜಾಗಕ್ಕೆ ಬಂದಾಗ ಕಾರು ಎಷ್ಟರಲ್ಲಿ ಇರತ್ತೆ? ಕೇಳಿದವರೆಲ್ಲ "20 ಇರ್ಬಹುದು" ಅಂತಾರೆ. ಇಲ್ಲ. ಹತ್ತಿರ ಹತ್ತಿರ 76 ಕಿಲೋಮೀಟರ್ ಸ್ಪೀಡಲ್ಲಿ ಗುದ್ದತ್ತೆ. ಬ್ರೇಕ್ ಸ್ಪೀಡನ್ನ ಕೊನೇ ಮೀಟರುಗಳಲ್ಲೇ ಜಾಸ್ತಿ ಇಳಿಸೋದು, ಆ ಕೊನೇ ಮೀಟರುಗಳೇ ನಿಮಗೆ ಸಿಗಲಿಲ್ಲ.

ಆ 76ನ್ನ ನೆನಪಲ್ಲಿಟ್ಕೊಂಡು ನಿಮ್ಮ 5 ಸ್ಟಾರ್ ಮಾತಿಗೆ ಬನ್ನಿ. ಕಾರುಗಳ ಸೇಫ್ಟಿಗೆ ಸ್ಟಾರ್ ಕೊಡೋ ಭಾರತ್ ಎನ್‌ಕ್ಯಾಪ್ ಪರೀಕ್ಷೇಲಿ ಕಾರನ್ನ ಮುಂದಿನಿಂದ ಗುದ್ದಿಸಿ ನೋಡೋದು 64 ಕಿಲೋಮೀಟರ್ ಸ್ಪೀಡಲ್ಲಿ. ಮುಂದಿನ ಡಿಕ್ಕಿಗೆ ಅಂಕ ಕೊಡೋದು ಆ ಸ್ಪೀಡಿಗೆ. ಅದಕ್ಕಿಂತ ಮೇಲೆ ಏನಾಗತ್ತೆ ಅಂತ ಆ ಸ್ಟಾರ್ ಏನೂ ಭರವಸೆ ಕೊಡಲ್ಲ. ನಾನು ಒಳ್ಳೇ ಕಾರು ಬೇಡ ಅಂತಿಲ್ಲ, ಎಲ್ಲರೂ ಸೇಫ್ ಆದ ಕಾರೇ ತಗೊಳ್ಳಿ, ಆದ್ರೆ ಆ ಕಾರು ನಿಮ್ಮನ್ನ ಕಾಪಾಡೋಕೆ ನೀವು ಅದರ ಕೈಗೆಟಕೋ ಸ್ಪೀಡಲ್ಲಿ ಇರಬೇಕು.

ರಾತ್ರಿ ಇನ್ನೂ ಕಷ್ಟ. ಡಿಮ್ ಲೈಟಲ್ಲಿ ಸರಿಯಾಗಿ ಕಾಣೋದು ಹೆಚ್ಚೂಕಡಿಮೆ 50–60 ಮೀಟರ್. 100ರಲ್ಲೇ ನಿಮಗೆ 98 ಬೇಕು ಅಂತ ಈಗ ನೋಡಿದ್ವಿ. ಅಂದ್ರೆ ರಾತ್ರಿ ಡಿಮ್ಮಲ್ಲಿ 100 ಕೂಡ ಜಾಸ್ತಿ.

"ಆದ್ರೆ ಜರ್ಮನೀಲಿ ಲಿಮಿಟ್ಟೇ ಇಲ್ವಲ್ಲ" ಅಂತ ಕೇಳೋರಿಗೆ ಇಷ್ಟೇ. ಅಲ್ಲಿ ಆಟೋಬಾನ್ ಅನ್ನೋ ಹೈವೇಗಳ ಬಹುಭಾಗದಲ್ಲಿ ಕಡ್ಡಾಯ ಮಿತಿ ಇಲ್ಲ ನಿಜ, ಆದ್ರೆ 1978ರಿಂದ 130 ಅಂತ ಸಲಹಾ ಸ್ಪೀಡ್ ಇದೆ, ಅದಕ್ಕಿಂತ ಮೇಲೆ ಹೋಗಿ ಅಪಘಾತ ಆದ್ರೆ ತಪ್ಪು ಎದುರಿನವರದ್ದಾದ್ರೂ ನಷ್ಟದಲ್ಲಿ ನಿಮ್ಮ ಪಾಲು ಬರಬಹುದು. ಲಾರಿಗೆ ಅಲ್ಲೂ 80. 60ಕ್ಕಿಂತ ಜೋರು ಹೋಗೋ ಸಾಮರ್ಥ್ಯ ಇಲ್ಲದ ಗಾಡಿ ಆ ರಸ್ತೆಗೆ ಹತ್ತೋ ಹಾಗೇ ಇಲ್ಲ. ಓವರ್‌ಟೇಕ್ ಮಾಡಿ ಮುಗಿದ ಮೇಲೆ ವಾಪಸ್ ತಮ್ಮ ಲೇನಿಗೆ ಬರದೆ ಇರೋದೂ ಅಲ್ಲಿ ತಪ್ಪು. ಇದನ್ನೆಲ್ಲ ಬಿಟ್ಟು ಸ್ಪೀಡ್ ಒಂದನ್ನೇ ತರೋಕಾಗಲ್ಲ. ಅದೇ ಯುರೋಪಲ್ಲಿ ನೆದರ್‌ಲ್ಯಾಂಡ್ಸ್ 2020ರಲ್ಲಿ ಹಗಲು ಹೊತ್ತಿನ ಮಿತೀನ 100ಕ್ಕೆ ಇಳಿಸ್ತು, ಹೊಗೆ ಮಾಲಿನ್ಯದ ಕಾರಣಕ್ಕೆ.

ಅಂಕಿ ಕೇಳೋರಿಗೆ: 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ರಾಷ್ಟ್ರೀಯ ಹೆದ್ದಾರಿಗಳು ಒಟ್ಟು ರಸ್ತೆ ಉದ್ದದಲ್ಲಿ ಶೇಕಡ 2ರಷ್ಟು, ಆದ್ರೆ ಸಾವಲ್ಲಿ ಶೇಕಡ 36. ಶೇಕಡ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದೀಲಿದೆ, ಆದ್ರೆ ನಾನು ಆ ಸಂಖ್ಯೆ ಮೇಲೆ ಜಾಸ್ತಿ ಭಾರ ಹಾಕಲ್ಲ, ಯಾಕಂದ್ರೆ ನಮ್ಮ ಎಫ್‌ಐಆರ್‌ಗಳಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಅನ್ನೋ ವಾಕ್ಯ ಅಭ್ಯಾಸಬಲದಲ್ಲೇ ಬಂದುಬಿಡತ್ತೆ. ನನಗೆ ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಯೋರಾನ್ ನಿಲ್ಸನ್ ಕಟ್ಟಿದ ಲೆಕ್ಕ ಹೆಚ್ಚು ನಂಬಿಕೆ. ಒಂದು ರಸ್ತೆಯ ಸರಾಸರಿ ಸ್ಪೀಡ್ ಶೇಕಡ 1 ಏರಿದ್ರೆ ಪ್ರಾಣ ಹೋಗೋ ಅಪಘಾತ ಸುಮಾರು ಶೇಕಡ 4 ಏರತ್ತೆ. ಮಿತೀನ 20 ಏರಿಸಿ ಸರಾಸರಿ ಬರೀ 5 ಪರ್ಸೆಂಟ್ ಏರಿದ್ರೂ ಅಂಥ ಅಪಘಾತ ಶೇಕಡ 20ರ ಮೇಲೆ ಜಾಸ್ತಿ. ಇದರ ಉಲ್ಟಾ ನಾವೇ ಇದೇ ರಸ್ತೇಲಿ ನೋಡಿದೀವಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೊದಲ ತಿಂಗಳುಗಳಲ್ಲಿ ದಿನಾ ಬೆಳಗಾದ್ರೆ ರಾಮನಗರ, ಮಂಡ್ಯ ಕಡೆಯಿಂದ ಸಾವಿನ ಸುದ್ದಿ. ಆಮೇಲೆ ಸ್ಪೀಡ್ ಅಳೆಯೋ ರೇಡಾರ್ ಗನ್ ಬಂತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ನಿಷೇಧ ಆಯ್ತು, ಕ್ಯಾಮೆರಾ ಬಂತು, ಸಾವು ಕಣ್ಣಿಗೆ ಕಾಣೋ ಹಾಗೆ ಇಳೀತು. ರಸ್ತೆ ಅದೇ, ಕಾರುಗಳು ಅವೇ.

ಹಾಗಂತ ಎಲ್ಲಾ ಕಡೆ, ಯಾವತ್ತಿಗೂ 100 ಅಂತ ನನ್ನ ಹಠ ಇಲ್ಲ. ಹೊಸಕೋಟೆಯಿಂದ ಶುರುವಾಗೋ ಚೆನ್ನೈ ಎಕ್ಸ್‌ಪ್ರೆಸ್‌ವೇನ 120ಕ್ಕೇ ಡಿಸೈನ್ ಮಾಡಿರೋದು. ಅಂಥ ರಸ್ತೇಲಿ ಬೈಕು, ಜನ, ದನ ಒಳಗೆ ಬರದ ಹಾಗೆ ಬೇಲಿ ಉಳ್ಕೊಂಡು, ಕೆಟ್ಟು ನಿಂತ ಲಾರೀನ ಕೂಡಲೇ ಎತ್ತೋ ವ್ಯವಸ್ಥೆ ಇದ್ದು, ಲಾರಿಗಳು ಎಡಗಡೆ ಲೇನಲ್ಲೇ ಇದ್ದು, ಸ್ಪೀಡನ್ನ ಒಂದು ಪಾಯಿಂಟಲ್ಲಿ ಅಲ್ಲದೆ ಎರಡು ಕ್ಯಾಮೆರಾ ನಡುವಿನ ಸರಾಸರಿಯಾಗಿ ಅಳೆಯೋ ಹಾಗಾದ್ರೆ ನಾನೇ 120 ಕೊಡಿ ಅಂತ ಬರೀತೀನಿ. ಮಿತಿ ಇಡೋದು ಆ ರಸ್ತೇಲಿ ಎದುರಾಗಬಹುದಾದ ಅತಿ ನಿಧಾನದ ವಸ್ತು ನೋಡಿ. ನಿಮ್ಮ ಕಾರಿನ ತಾಕತ್ತು ನೋಡಿ ಅಲ್ಲ.

ಯಾರೂ ಕೇಳಿಲ್ಲ, ಆದ್ರೂ ಟೈರ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ 120 ಕೇಳೋರಲ್ಲಿ ಬಹಳ ಜನ ಟೈರ್ ಕಡೆ ನೋಡಿರಲ್ಲ. "ಬೇಸಿಗೇಲಿ ಬರ್ಸ್ಟ್ ಆಗತ್ತೆ, ಗಾಳಿ ಸ್ವಲ್ಪ ಕಮ್ಮಿ ಹಾಕಿ" ಅಂತ ಬಂಕಲ್ಲಿ ಹೇಳೋದು ಕೇಳಿದ್ರೆ ನನಗೆ ಸಂಕಟ ಆಗತ್ತೆ. ಇದು ಪೂರ್ತಿ ಉಲ್ಟಾ. ಗಾಳಿ ಕಮ್ಮಿ ಇದ್ರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಲ್ಲೂ ಮಡಚಿ ಬಿಚ್ಚತ್ತೆ, ಅದರಿಂದಲೇ ಬಿಸಿ ಹುಟ್ಟೋದು, ಆ ಬಿಸೀಲೇ ಪದರ ಬಿಡೋದು. ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರಲ್ಲಿ ಎಷ್ಟು ಬರೆದಿದೆಯೋ ಅಷ್ಟು ಹಾಕ್ಸಿ, ಬೆಳಗ್ಗೆ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗ. ಮದ್ದೂರಲ್ಲಿ ವಡೆ ತಿನ್ನೋಕೆ ನಿಲ್ಲಿಸಿದಾಗ ಚೆಕ್ ಮಾಡಿದ್ರೆ ನಾಲ್ಕೈದು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಜಾಸ್ತಿ ತೋರಿಸತ್ತೆ, ಅದು ಸಹಜ, ಬಿಡಿಸ್ಬೇಡಿ. ನೈಟ್ರೋಜನ್ ಹಾಕ್ಸೋದು ನಿಮ್ಮಿಷ್ಟ, ಮಾಮೂಲಿ ಗಾಳೀಲೇ ಶೇಕಡ 78 ನೈಟ್ರೋಜನ್ ಇದೆ.

ಟೈರ್ ಮೇಲೆ ನಾಲ್ಕು ಅಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು ಅಂತ. ಐದಾರು ವರ್ಷ ದಾಟಿದ್ರೆ ಬಟನ್ (ಟೈರ್ ಮೇಲಿನ ಉಬ್ಬು) ಎಷ್ಟೇ ಚೆನ್ನಾಗಿ ಕಾಣ್ಲಿ, ಹೈವೇಗೆ ಹೋಗೋ ಮುಂಚೆ ಗೊತ್ತಿರೋರಿಗೆ ತೋರಿಸಿ. ಹಾಗೇ ಸ್ಟೆಪ್ನಿ ಕೂಡ ನೋಡಿ. ಈಗ ಬರೋ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಸೈಜು ಚಿಕ್ಕದು, ಅದರ ಮೇಲೆ 80 ಅಂತ ಸ್ಟಿಕ್ಕರ್ ಅಂಟಿಸಿರ್ತಾರೆ. ಪಂಕ್ಚರ್ ಆಗಿ ಅದನ್ನ ಹಾಕ್ಕೊಂಡಿದ್ರೆ ಅವತ್ತಿಗೆ ನಿಮ್ಮ ಮಿತಿ 80, ಪಂಕ್ಚರ್ ಅಂಗಡಿ ಸಿಗೋ ತನಕ ಎಡಗಡೆ ಲೇನಲ್ಲೇ ಹೋಗಿ.