ಯಾವ ಪ್ರಾಣಿಯಿಂದ ಬಂತು?

ಹೊಸ ಜ್ವರದ ಸುದ್ದಿ ಬಂದರೆ ಸಾಕು, ‘ಯಾವ ಪ್ರಾಣಿಯಿಂದ ಬಂತಂತೆ?’ ಎಂದು ಕೇಳುತ್ತೇವೆ. ಬಾವಲಿ, ಹಂದಿ, ಕೋಳಿ, ಒಂಟೆ ಎಂದು ಉತ್ತರವೂ ಬೇಗ ಸಿಗುತ್ತದೆ. ಈಚೆಗೆ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದ್ದರೆ ಯಾವ ವೈರಸ್ಸೂ ಹತ್ತಿರ ಸುಳಿಯುವುದಿಲ್ಲವಂತೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡನ್ನೂ ಒಟ್ಟಿಗೆ ಕೇಳಿದವರಿಗೆ ತಲೆ ಗೋಜಲಾಗುವುದು ಸಹಜ.

ಹುಚ್ಚುನಾಯಿ ಕಡಿತದ ಭಯ ಸಾವಿರಾರು ವರ್ಷ ಹಳೆಯದು. ವೈರಸ್ ಎಂಬುದೊಂದು ಇದೆ ಎಂದು ಗೊತ್ತಾಗಿದ್ದು ಮಾತ್ರ 1890ರ ದಶಕದಲ್ಲಿ, ಅದೂ ತಂಬಾಕಿನ ಎಲೆಗೆ ತಗುಲಿದ ರೋಗದಿಂದ. ಅಲ್ಲಿಂದ ಮುಂದಿನದು ಸರಸರನೆ ಹೇಳಿ ಮುಗಿಸಬಹುದಾದ ಕಥೆ. ಹಳದಿ ಜ್ವರಕ್ಕೆ ಸೊಳ್ಳೆಯೇ ವಾಹಕ ಎಂಬುದು 20ನೇ ಶತಮಾನ ಹುಟ್ಟುವ ಹೊತ್ತಿಗೆ ಖಚಿತವಾಯಿತು. 1957ರಲ್ಲಿ ಕ್ಯಾಸನೂರು ಕಾಡಿನ ಮಂಗಗಳ ಸಾವಿನ ಬೆನ್ನು ಹತ್ತಿದವರಿಗೆ ರೋಗ ಹರಡುವ ಉಣುಗು ಸಿಕ್ಕಿತು. 1967ರಲ್ಲಿ ಯುಗಾಂಡಾದಿಂದ ತರಿಸಿದ್ದ ಮಂಗಗಳಿಂದ ಯುರೋಪಿನ ಲ್ಯಾಬ್ ಸಿಬ್ಬಂದಿಗೆ ಮಾರ್ಬರ್ಗ್ ಜ್ವರ ಬಂತು. 1976ರಲ್ಲಿ ಎಬೋಲಾ. ಎಚ್‌ಐವಿಯಂತೂ ಕ್ಯಾಮರೂನಿನ ಚಿಂಪಾಂಜಿಗಳಿಂದ ಒಂದು ಶತಮಾನದ ಹಿಂದೆಯೇ ದಾಟಿತ್ತು. ಅದು ತಿಳಿಯುವಷ್ಟರಲ್ಲಿ ಜಗತ್ತೆಲ್ಲ ಸುತ್ತಾಡಿಯಾಗಿತ್ತು. ಅಷ್ಟೂ ಕಾಲ ನಡೆದದ್ದು ಹೆಚ್ಚುಕಡಿಮೆ ಪತ್ತೇದಾರಿಕೆ. ಪ್ರಾಣಿ ಸಿಕ್ಕಿತೆಂದರೆ ಕೇಸು ಮುಗಿಯಿತು.

ಕೇಸು ಅಷ್ಟಕ್ಕೆ ಮುಗಿಯುವುದಿಲ್ಲ ಎಂದು ಕಲಿಸಿದ್ದು ನಿಪಾ.

1998ರ ಕೊನೆಯಲ್ಲಿ ಮಲೇಷ್ಯಾದ ಹಂದಿ ಸಾಕಣೆಯ ಊರುಗಳಲ್ಲಿ ಜನ ಜ್ವರ ಬಂದು, ಪ್ರಜ್ಞೆ ತಪ್ಪಿ ಸಾಯತೊಡಗಿದರು. ಇದು ಸೊಳ್ಳೆಯಿಂದ ಬರುವ ಮಿದುಳು ಜ್ವರವೇ ಇರಬೇಕೆಂದು ಊರೆಲ್ಲ ಔಷಧ ಹೊಡೆದರು, ಲಸಿಕೆ ಹಾಕಿದರು. ಆದರೆ ಮಿದುಳು ಜ್ವರ ಸಾಮಾನ್ಯವಾಗಿ ಹಿಡಿಯುವುದು ಮಕ್ಕಳನ್ನು; ಇಲ್ಲಿ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಹಂದಿದೊಡ್ಡಿಯಲ್ಲಿ ದುಡಿಯುವ ಗಂಡಸರು. ಹಂದಿಗಳೂ ಜೋರಾಗಿ ಕೆಮ್ಮುತ್ತಿದ್ದವು. 1999ರ ಮಾರ್ಚಿನಲ್ಲಿ ಹೊಸ ವೈರಸ್ ಕೈಗೆ ಸಿಕ್ಕಿತು. ಮಲೇಷ್ಯಾದಲ್ಲಿ 265 ಮಂದಿಗೆ ಕಾಯಿಲೆ ಬಂದು 105 ಮಂದಿ ಸತ್ತರು. ಸುಮಾರು 10 ಲಕ್ಷ ಹಂದಿಗಳನ್ನು ಕೊಂದರು.

ಮೂಲ ಹಣ್ಣುಬಾವಲಿ ಎಂಬುದು ಸ್ವಲ್ಪ ಕಾಲದಲ್ಲೇ ತಿಳಿಯಿತು. ಆದರೆ ಬಾವಲಿ ಅಲ್ಲಿ ಎಂದಿನಿಂದಲೂ ಇತ್ತಲ್ಲ, ಆ ವರ್ಷವೇ ಏನಾಯಿತು? ದೊಡ್ಡಿಗಳ ಪಕ್ಕದಲ್ಲೇ ಹಣ್ಣಿನ ಮರಗಳನ್ನು ಬೆಳೆಸಿದ್ದರು. ಬಾವಲಿ ಅರ್ಧ ತಿಂದು ಬೀಳಿಸಿದ ಎಂಜಲು ಹಣ್ಣು ಹಂದಿಯ ಬಾಯಿಗೆ ಹೋಯಿತು. ಹತ್ತಾರು ಹಂದಿಗಳ ದೊಡ್ಡಿಯಾಗಿದ್ದರೆ ವೈರಸ್ ಎಲ್ಲಕ್ಕೂ ತಗುಲಿ ಅಲ್ಲೇ ಆರಿಹೋಗುತ್ತಿತ್ತೇನೋ. ಇಲ್ಲಿ ಸಾವಿರಗಟ್ಟಲೆ ಹಂದಿ, ಮೇಲಿಂದ ಮೇಲೆ ಹೊಸ ಮರಿಗಳು. ಬೆಂಕಿಗೆ ಸೌದೆ ಒಡ್ಡುತ್ತಲೇ ಇದ್ದ ಹಾಗಾಯಿತು.

ಅದೇ ನಿಪಾ 2001ರಿಂದ ಬಾಂಗ್ಲಾದೇಶದಲ್ಲಿ ಕಾಣಿಸಿಕೊಂಡಿತು. ಅಲ್ಲಿ ನಡುವೆ ಹಂದಿಯೇ ಇರಲಿಲ್ಲ. ಚಳಿಗಾಲದಲ್ಲಿ ಈಚಲು ಮರದ ತೊಗಟೆ ಕೆತ್ತಿ ಸಂಜೆ ಮಡಕೆ ಕಟ್ಟುತ್ತಾರೆ, ಬೆಳಗಿನ ಜಾವ ಇಳಿಸಿ ಹಸಿ ರಸವನ್ನೇ ಕುಡಿಯುತ್ತಾರೆ. ಸಂಶೋಧಕರು ಮರಗಳಿಗೆ ಇನ್‌ಫ್ರಾರೆಡ್ ಕ್ಯಾಮೆರಾ ಕಟ್ಟಿ ರಾತ್ರಿಯಿಡೀ ನೋಡಿದರು. ಬಾವಲಿಗಳು ಕೆತ್ತಿದ ಜಾಗಕ್ಕೆ ಬಂದು ಜೋತುಬಿದ್ದು ರಸ ನೆಕ್ಕುತ್ತಿದ್ದವು, ಅಲ್ಲೇ ಉಚ್ಚೆ ಹೊಯ್ಯುತ್ತಿದ್ದವು. ಕೆತ್ತಿದ ಭಾಗಕ್ಕೂ ಮಡಕೆಗೂ ಬಿದಿರ ತಡಿಕೆಯ ಲಂಗ ಸುತ್ತಿದರೆ ಬಾವಲಿಗೆ ರಸ ಎಟುಕುವುದಿಲ್ಲ ಎಂಬುದೂ ಅದೇ ಕ್ಯಾಮೆರಾದಲ್ಲಿ ಕಂಡಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಶೋಧನೆ ಇದೇ: ಬಾವಲಿಯೂ ಸಾಯಲಿಲ್ಲ, ಮರವೂ ಉರುಳಲಿಲ್ಲ.

ನಿಪಾದ ಸೋದರ ಹೆಂಡ್ರಾ ವೈರಸ್ 1994ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕುದುರೆಗಳ ಮೂಲಕ ಮನುಷ್ಯನಿಗೆ ಬಂದಿತ್ತು. ಅದಕ್ಕೂ ಮೂಲ ಹಣ್ಣುಬಾವಲಿಯೇ. ಆ ಬಾವಲಿಗಳ 25 ವರ್ಷಗಳ ಲೆಕ್ಕವನ್ನು ಜೋಡಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗುವುದು) ಬಂದು ಹೋದ ಮೇಲೆ ಕಾಡಿನ ಮರಗಳಲ್ಲಿ ಮಕರಂದ ಬತ್ತುತ್ತದೆ. ಹಸಿದ ಬಾವಲಿಗಳು ದೊಡ್ಡ ಗುಂಪು ಒಡೆದು ಹೊಲ, ಊರು, ಕುದುರೆ ಮೇಯುವ ಜಾಗಗಳ ಹತ್ತಿರ ಬಿಡಾರ ಹೂಡುತ್ತವೆ. ಮುಂದಿನ ಚಳಿಗಾಲದಲ್ಲಿ ಕುದುರೆಗಳಿಗೆ ಸೋಂಕು. ಉಳಿದಿರುವ ನೀಲಗಿರಿ (ಯೂಕಲಿಪ್ಟಸ್) ಮರಗಳ ಕಾಡು ಯಾವ ಚಳಿಗಾಲ ಚೆನ್ನಾಗಿ ಹೂಬಿಟ್ಟಿತೋ ಆಗ ಬಾವಲಿಗಳು ಅತ್ತ ಹಾರಿದವು, ಸೋಂಕೂ ನಿಂತಿತು. ಚಳಿಗಾಲದಲ್ಲಿ ಹೂ ಬಿಡುವ ಆ ಕಾಡು ಬಹುಪಾಲು ಕಡಿದುಹೋಗಿದೆ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಬೇಕು.

ಉಸಿರಾಟಕ್ಕೆ ತಗುಲುವ ಜ್ವರಗಳಲ್ಲಿ 2003ರ ಸಾರ್ಸ್‌ಗೆ ಪುನುಗುಬೆಕ್ಕು, 2012ರ ಮರ್ಸ್‌ಗೆ ಒಂಟೆ ಎಂದು ಗೊತ್ತಾಯಿತು. ಕೋವಿಡ್ ಮೊದಲು ಹೇಗೆ ದಾಟಿತೆಂಬ ಜಗಳ ಇನ್ನೂ ನಿಂತಿಲ್ಲ. ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಇಲ್ಲಿಯವರೆಗಿನದು ವೈರಸ್ ನಮ್ಮ ಬಾಗಿಲಿಗೆ ಬರುವ ದಾರಿ. ಬಂದದ್ದೆಲ್ಲ ಒಳಗೆ ಹೊಗುವುದಿಲ್ಲ. ಹಕ್ಕಿಜ್ವರದ ವೈರಸ್ ಕಾಡು ಬಾತುಕೋಳಿಯ ಕರುಳಿನಲ್ಲಿ ಬಹುತೇಕ ಸದ್ದಿಲ್ಲದೆ ಇರುತ್ತದೆ. ಅದು ಹಿಡಿದುಕೊಳ್ಳುವ ಕೊಂಡಿ ನಮ್ಮ ಮೂಗು, ಗಂಟಲಿನ ಜೀವಕೋಶಗಳಲ್ಲಿ ವಿರಳ. 2024ರಲ್ಲಿ ಅಮೆರಿಕದ ಹಸುಗಳಿಗೆ ಅದು ತಗುಲಿದಾಗ ವಿಜ್ಞಾನಿಗಳು ಬೆಚ್ಚಿದ್ದೂ ಇದಕ್ಕೇ: ಕೆಚ್ಚಲಿನಲ್ಲಿ ಹಕ್ಕಿಯ ಬಗೆಯ ಕೊಂಡಿಯೂ ಮನುಷ್ಯನ ಬಗೆಯ ಕೊಂಡಿಯೂ ಅಕ್ಕಪಕ್ಕ ಇವೆ; ಅಲ್ಲಿ ವೈರಸ್ ನಮ್ಮ ಕೊಂಡಿಗೂ ಒಗ್ಗಿಕೊಂಡೀತೆಂಬ ಭಯ.

ಜೀವಕೋಶದ ಆ ಬಾಗಿಲನ್ನು ತಲುಪುವ ಮೊದಲು ವೈರಸ್ಸಿಗೆ ಎದುರಾಗುವುದು ಮೈಕ್ರೋಬಯೋಮ್, ಅಂದರೆ ನಮ್ಮ ಮೈಯೊಳಗೂ ಮೇಲೂ ಬಿಡಾರ ಹೂಡಿರುವ ಸೂಕ್ಷ್ಮಜೀವಿಗಳ ಸಂತೆ. ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಎಂದು ಎಲ್ಲೆಡೆ ಬರೆಯುತ್ತಿದ್ದ ಲೆಕ್ಕವನ್ನು 2016ರಲ್ಲಿ ತಿದ್ದಲಾಯಿತು. ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ನಮ್ಮವು ಸುಮಾರು 30 ಲಕ್ಷ ಕೋಟಿ.

ಇವು ಯಾರ ಪಕ್ಷ? 2011ರಲ್ಲಿ ಎರಡು ಉತ್ತರ ಬಂದವು. ಆ್ಯಂಟಿಬಯಾಟಿಕ್ ಕೊಟ್ಟು ಇಲಿಗಳ ಕರುಳನ್ನು ಬರಿದುಮಾಡಿ ಫ್ಲೂ ಸೋಂಕು ಹಿಡಿಸಿದಾಗ ಅವುಗಳ ರೋಗನಿರೋಧಕ ಶಕ್ತಿ ಸರಿಯಾಗಿ ಎದ್ದು ನಿಲ್ಲಲಿಲ್ಲ. ಸರಿ, ಬ್ಯಾಕ್ಟೀರಿಯಾ ಕಾವಲುಗಾರ ಎಂದಾಯಿತು. ಅದೇ ವರ್ಷ ಇನ್ನೊಂದು ಲ್ಯಾಬಿನಲ್ಲಿ ಹಾಗೆಯೇ ಕರುಳು ಬರಿದಾದ ಇಲಿಗಳಿಗೆ ಪೋಲಿಯೊ ವೈರಸ್ ಕುಡಿಸಿದರು. ಅವು ಕಡಿಮೆ ಸತ್ತವು! ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆ ಸರಪಳಿಗೆ ಅಂಟಿಕೊಂಡ ಪೋಲಿಯೊ ವೈರಸ್ ಇನ್ನಷ್ಟು ಗಟ್ಟಿಯಾಗುತ್ತದಂತೆ. 2018ರಲ್ಲಿ ಮತ್ತೆ ತಕ್ಕಡಿ ಇತ್ತ ವಾಲಿತು: ಆ್ಯಂಟಿಬಯಾಟಿಕ್ ಕುಡಿದ ಇಲಿಗಳನ್ನು ಹಕ್ಕಿಗಳಿಂದ ಬರುವ ವೆಸ್ಟ್ ನೈಲ್ ವೈರಸ್ ಹೆಚ್ಚು ಬಲಿ ತೆಗೆದುಕೊಂಡಿತು. ಅಂದರೆ ಉತ್ತರ ವೈರಸ್ಸಿನಿಂದ ವೈರಸ್ಸಿಗೆ ಬೇರೆ. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವಾಗ ಈ ಪೋಲಿಯೊ ಪ್ರಯೋಗ ಯಾರಿಗೂ ನೆನಪಾಗುವುದಿಲ್ಲ.

ಚರ್ಮದ ಕಥೆ ಇನ್ನೂ ವಿಚಿತ್ರ. ಡೆಂಗಿ, ಝೀಕಾ ತಗುಲಿದ ಇಲಿಯ ಚರ್ಮದಲ್ಲಿ ಸೂಕ್ಷ್ಮಜೀವಿಗಳನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನ್ ಕಡಿಮೆಯಾಗುತ್ತದೆ, ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ವಿಪರೀತ ಬೆಳೆಯುತ್ತವೆ, ಅವು ಅಸಿಟೋಫಿನೋನ್ ಎಂಬ ವಾಸನೆ ಬಿಡುತ್ತವೆ. ಆ ವಾಸನೆಗೆ ಸೊಳ್ಳೆ ಹುಡುಕಿಕೊಂಡು ಬರುತ್ತದೆ. ವೈರಸ್ ತನ್ನ ಮುಂದಿನ ಪ್ರಯಾಣದ ಗಾಡಿಯನ್ನು ನಮ್ಮ ಚರ್ಮದ ಬ್ಯಾಕ್ಟೀರಿಯಾದಿಂದಲೇ ಕರೆಸಿಕೊಂಡಂತೆ. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಡೆಂಗಿ ರೋಗಿಗಳ ಚರ್ಮದಲ್ಲೂ ಆ ವಾಸನೆ ಹೆಚ್ಚಾಗಿತ್ತು.

ಮನುಷ್ಯರ ಮೇಲಿನ ಪುರಾವೆ ಇನ್ನೂ ತೆಳುವು. ಬ್ಯಾಕ್ಟೀರಿಯಾವನ್ನು ಬಳಸಿ ವೈರಸ್ಸನ್ನು ಕಟ್ಟಿಹಾಕಿದ ದೊಡ್ಡ ಗೆಲುವು ಸಿಕ್ಕಿರುವುದು ಸೊಳ್ಳೆಯ ದೇಹದಲ್ಲಿ. ಡೆಂಗಿಯೂ ಹಿಂದೆಂದೋ ಕಾಡಿನ ಮಂಗಗಳಿಂದ ಬಂದದ್ದೇ. ಅದನ್ನು ಹೊರುವ ಸೊಳ್ಳೆಯಲ್ಲಿ ಸಹಜವಾಗಿ ಇಲ್ಲದ ವೊಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಸೇರಿಸಿದರೆ ವೈರಸ್ ಅದರೊಳಗೆ ಸರಿಯಾಗಿ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಅಂಥ ಸೊಳ್ಳೆಯ ಮೊಟ್ಟೆಗಳನ್ನು ನೀರಿನ ಬಕೆಟ್ಟುಗಳಲ್ಲಿಟ್ಟು, ಬಡಾವಣೆಯಿಂದ ಬಡಾವಣೆಗೆ ಒಯ್ದು, ಜನರ ಮನೆಯಂಗಳದಲ್ಲಿ ಇರಿಸಿ ಬಂದರು. 2021ರಲ್ಲಿ ಫಲಿತಾಂಶ ಹೊರಬಂದಾಗ ಇಂಥ ಸೊಳ್ಳೆ ಬಿಡದ ಬಡಾವಣೆಗಳಿಗಿಂತ ಆ ಬಡಾವಣೆಗಳಲ್ಲಿ ಡೆಂಗಿ ಶೇ 77ರಷ್ಟು ಕಡಿಮೆಯಿತ್ತು.