ರಕಾಟಾ ಯಂತ್ರಗಳು ಕಳೆದುಹೋದದ್ದು ಹೇಗೆ?

ಸ್ಟಾರ್ ವಾರ್ಸ್ ಲೋಕದಲ್ಲಿ ಕಳ್ಳಸಾಗಣೆದಾರನ ಗುಜರಿ ನೌಕೆಯೂ ಬೆಳಕಿಗಿಂತ ವೇಗವಾಗಿ ಹಾರುತ್ತದೆ. ಅದನ್ನು ಹಾರಿಸುವ ಹೈಪರ್‌ಡ್ರೈವ್ ಮೊದಲು ಯಾರದಾಗಿತ್ತು ಎಂದು ಹಳೆಯ ಸಿನಿಮಾಗಳು ತಲೆಕೆಡಿಸಿಕೊಳ್ಳಲಿಲ್ಲ. 2003ರಲ್ಲಿ ಬಯೋವೇರ್ ಸಂಸ್ಥೆಯ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ವಿಡಿಯೊ ಗೇಮ್ ರಕಾಟಾ ಎಂಬ ಜನಾಂಗವನ್ನು ಪರಿಚಯಿಸಿತು. ಹೈಪರ್‌ಡ್ರೈವ್‌ನ ವಂಶಾವಳಿಯನ್ನೂ ಆಮೇಲೆ ಬಂದ ಬರಹಗಳು ಅವರಿಗೇ ಜೋಡಿಸಿದವು.

ಸ್ಟಾರ್ ವಾರ್ಸ್ ಲೋಕವನ್ನು ಆಳಿದ ಗಣರಾಜ್ಯ ಹುಟ್ಟುವ ಮೊದಲೇ ರಕಾಟಾಗಳು ಗುಲಾಮರನ್ನು ದುಡಿಸಿಕೊಂಡು ಬೃಹತ್ ಸಾಮ್ರಾಜ್ಯ ಕಟ್ಟಿದ್ದರು. ಅವರ ಸ್ಟಾರ್ ಫೋರ್ಜ್ ಒಂದು ಬಾಹ್ಯಾಕಾಶ ಕಾರ್ಖಾನೆ. ಪಕ್ಕದ ನಕ್ಷತ್ರದಿಂದಲೇ ಕಚ್ಚಾವಸ್ತು ಹೀರಿ ಯುದ್ಧನೌಕೆಗಳನ್ನು ಲೆಕ್ಕವಿಲ್ಲದಷ್ಟು ಉಗುಳುತ್ತಿತ್ತು. ಆದರೆ ಅವರ ಯಂತ್ರಗಳೆಲ್ಲ ನಡೆಯುತ್ತಿದ್ದದ್ದು ಫೋರ್ಸ್ ಎಂಬ ಅತೀಂದ್ರಿಯ ಶಕ್ತಿಯ ಬಲದಿಂದ. ಪಿಡುಗೊಂದು ಹರಡಿತು, ಗುಲಾಮರು ದಂಗೆ ಎದ್ದರು, ರಕಾಟಾಗಳಿಗೆ ಫೋರ್ಸ್‌ನ ನಂಟೇ ಕಡಿದುಹೋಯಿತು. ಯಂತ್ರಗಳು ಇದ್ದಲ್ಲೇ ಇದ್ದವು. ನಡೆಸುವ ಕೈಗಳಲ್ಲಿ ಕಸುವು ಉಳಿಯಲಿಲ್ಲ.

ಗೇಮಿನ ಕೊನೆಯ ಭಾಗದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ರಕಾಟಾಗಳ ತವರು ಗ್ರಹದ ಹತ್ತಿರ ಸುಳಿದ ನೌಕೆಗಳನ್ನೆಲ್ಲ ಪುರಾತನ ರಕ್ಷಣಾ ವ್ಯವಸ್ಥೆ ನೆಲಕ್ಕೆ ಕೆಡವುತ್ತದೆ. ಆಟಗಾರನ ನೌಕೆಗೂ ಅದೇ ಗತಿ. ಕಡಲತೀರದಲ್ಲಿ ಎದುರಾಗುವವರು ಆ ಚಕ್ರವರ್ತಿಗಳ ದೂರದ ವಂಶಸ್ಥರು: ಬುಡಕಟ್ಟುಗಳಾಗಿ ಒಡೆದು ಪರಸ್ಪರ ಕಾದಾಡುತ್ತಿರುವ ಜನ. ಪೂರ್ವಜರ ದೇಗುಲ ಎದುರಿಗೇ ನಿಂತಿದೆ, ಅದರ ಗುಟ್ಟು ಬಿಡಿಸಲು ಹೊರಗಿನಿಂದ ಬಂದ ಫೋರ್ಸ್‌ಬಲ್ಲ ವ್ಯಕ್ತಿಯೇ ಬೇಕು.

ಇತ್ತ ಕೊರೆಲಿಯಾ ಗ್ರಹದ ಮನುಷ್ಯರು ಮತ್ತು ಡ್ಯುರೋಸ್ ಎಂಬ ಇನ್ನೊಂದು ಜನಾಂಗ ರಕಾಟಾಗಳ ಹೈಪರ್‌ಡ್ರೈವ್ ಬಿಚ್ಚಿ ನೋಡಿ, ಫೋರ್ಸ್ ಬೇಡದ ನಕಲು ಮಾಡಿಕೊಂಡರು. ಇಡೀ ಕಲ್ಪನೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಇದೇ. ಈ ಗೇಮಿನ ಕಥೆ ನಡೆಯುವುದು ಸಿನಿಮಾಗಳಿಗಿಂತ ಸುಮಾರು 4,000 ವರ್ಷ ಹಿಂದೆ. ಆಗಲೂ ಅದೇ ಬಗೆಯ ನೌಕೆ, ಅದೇ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ. ಅಷ್ಟು ಕಾಲ ಯಾರೂ ಹೊಸದೇನನ್ನೂ ಮಾಡಲಿಲ್ಲವೇ ಎಂಬ ಮುಜುಗರದ ಪ್ರಶ್ನೆಗೆ ಇದು ಅರ್ಧ ಉತ್ತರವಾದರೂ ಆಗುತ್ತದೆ: ಮೂಲ ಅರ್ಥವಾಗದವರು ನಕಲನ್ನೇ ತಿದ್ದುತ್ತಾ ಕೂತಿದ್ದಾರೆ.

ಐದು ಗ್ರಹಗಳಲ್ಲಿ ಅಡಗಿದ್ದ ನಕ್ಷತ್ರನಕ್ಷೆಗಳನ್ನು ಜೋಡಿಸಿ ಸ್ಟಾರ್ ಫೋರ್ಜ್ ತಲುಪಿದವರು ರೆವನ್ ಮತ್ತು ಮಲಾಕ್ ಎಂಬ ಫೋರ್ಸ್‌ಬಲ್ಲ ಯೋಧರು. ಆಮೇಲಿನದು ಯುದ್ಧ, ಕಾರ್ಖಾನೆಯ ನಾಶ.

2012ರಲ್ಲಿ ಡಿಸ್ನಿ ಲ್ಯೂಕಾಸ್‌ಫಿಲ್ಮ್ ಅನ್ನು ಕೊಂಡಿತು. 2014ರ ಏಪ್ರಿಲ್‌ನಲ್ಲಿ ಹಳೆಯ ಕಾದಂಬರಿ, ಕಾಮಿಕ್ಸ್, ಗೇಮ್‌ಗಳ ಕಥೆಗಳಿಗೆಲ್ಲ ‘ಲೆಜೆಂಡ್ಸ್’ ಪಟ್ಟಿ ಹಚ್ಚಿ ಬದಿಗಿಡಲಾಯಿತು. ರಕಾಟಾಗಳೂ ಆ ಮೂಟೆಯಲ್ಲೇ ಹೋದರು. ಆದರೆ 2022ರ ‘ಆಂಡೋರ್’ ಸರಣಿಯಲ್ಲಿ ಬಂಡಾಯ ಸಂಘಟಿಸುವ ಲೂಥನ್ ಎಂಬಾತ ಕಥಾನಾಯಕ ಕ್ಯಾಸಿಯನ್‌ನ ಕೈಗೆ ಕೈಬರ್ ಎಂಬ ಅಪರೂಪದ ನೀಲಿ ಹರಳಿನ ಪದಕವೊಂದನ್ನು ಮುಂಗಡವಾಗಿ ಇಡುತ್ತಾನೆ. ರಕಾಟಾ ದಾಳಿಕೋರರ ವಿರುದ್ಧ ಎದ್ದ ದಂಗೆಯ ನೆನಪಿಗೆ ಮಾಡಿದ್ದಂತೆ ಅದು. ಕಾರ್ಖಾನೆಯ ಸುದ್ದಿಯಿಲ್ಲ, ನೌಕಾಪಡೆಯ ಮಾತಿಲ್ಲ. ದಂಗೆ ಎದ್ದದ್ದಷ್ಟೇ ಉಳಿದಿದೆ. ಸಾಮ್ರಾಜ್ಯಕ್ಕೆ ತಿರುಗಿಬೀಳುವವರ ಕಥೆಗೆ ಅಷ್ಟೇ ಬೇಕಾಗಿತ್ತು.