ಕಾಲೇಜಿಗೊಂದು ಸಂಖ್ಯೆ: ರ‍್ಯಾಂಕಿಂಗ್ ನಡೆದುಬಂದ ದಾರಿ

2023ರ ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದಾಗ ಚಿತ್ರದುರ್ಗ ರಾಜ್ಯಕ್ಕೇ ಮೊದಲ ಜಿಲ್ಲೆಯಾಯಿತು. ಶೇ 96.80ರಷ್ಟು ಮಕ್ಕಳು ತೇರ್ಗಡೆಯಾಗಿದ್ದರು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ರಾಜ್ಯದ ಒಟ್ಟು ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಚಿತ್ರದುರ್ಗ 21ನೇ ಸ್ಥಾನಕ್ಕೆ ಹೋಯಿತು. ಶಾಲೆಗಳು ಅವೇ, ಪಠ್ಯಪುಸ್ತಕಗಳು ಅವೇ, ಪಾಠ ಮಾಡಿದವರು ಬಹುಪಾಲು ಅವರೇ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ವಿದ್ಯೆ ಇಪ್ಪತ್ತು ಮೆಟ್ಟಿಲು ಜಾರುವುದು ಸಾಧ್ಯವಿಲ್ಲ. ಅಳೆಯುವ ರೀತಿ ಬದಲಾಗಿತ್ತು, ಅಷ್ಟೆ. ಈ ಮಾತನ್ನು ನಮ್ಮ ಮಕ್ಕಳನ್ನು ಹಳಿಯಲು ಹೇಳುತ್ತಿಲ್ಲ. ಮೊದಲ ಸ್ಥಾನ ಬಂದಾಗ ಬೀಗಿದವರೂ ಇಪ್ಪತ್ತೊಂದು ಬಂದಾಗ ತಲೆ ತಗ್ಗಿಸಿದವರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಸಂಖ್ಯೆ ಯಾವುದರ ಅಳತೆ?

ಕಾಲೇಜುಗಳ ವಾರ್ಷಿಕ ರ‍್ಯಾಂಕಿಂಗ್ ವಿಚಾರದಲ್ಲಿ ಇದೇ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕು. ಅಲ್ಲಿ ಸಂಖ್ಯೆಯ ಹಿಂದೆ ಶುಲ್ಕವಿದೆ, ಸಾಲವಿದೆ, ಮನೆಯವರು ಮಾರಿದ ಹೊಲವಿದೆ.

ದಾವಣಗೆರೆಗೆ ಕಾಲೇಜುಗಳು ಬಂದಾಗ ಪಟ್ಟಿಗಳಿರಲಿಲ್ಲ. ಹತ್ತಿ ಗಿರಣಿಗಳ ಈ ಊರಿನಲ್ಲಿ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಬಂದವು. ಅದೇ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು ಮುಂದೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಊರನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಕಾಲೇಜುಗಳ ಪಾಲು ದೊಡ್ಡದು. ಆಗ ಯಾವ ಕಾಲೇಜು ಒಳ್ಳೆಯದೆಂಬುದು ಬಾಯಿಂದ ಬಾಯಿಗೆ ತಿಳಿಯುತ್ತಿತ್ತು. ಗಣಿತಕ್ಕೆ ಯಾವ ಮೇಷ್ಟ್ರು, ಹಾಸ್ಟೆಲ್ ಊಟ ಹೇಗೆ, ಹಿಂದಿನ ವರ್ಷ ಹೋದ ಹುಡುಗ ಏನಾದ ಎಂದು ಕೇಳಿ ತಿಳಿದು ಸೇರಿಸುತ್ತಿದ್ದರು. ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವೇನೂ ಇಲ್ಲ. ಕೇಳಲು ಪರಿಚಯಸ್ಥರಿದ್ದವರಿಗೆ ಮಾತ್ರ ಆ ಮಾಹಿತಿ ಸಿಗುತ್ತಿತ್ತು. ಖಾಸಗಿ ಕಾಲೇಜುಗಳಲ್ಲಿ ಹಣವಿದ್ದವರಿಗೆ ಸೀಟು ಎಂಬಂತಾಗಿ, 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು.

ಆ ಜಗಳ 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. 1994ರಿಂದ ವೃತ್ತಿಪರ ಕೋರ್ಸ್‌ಗಳ ಸೀಟು ಹಂಚಲು ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಕರ್ನಾಟಕದ ಮೊದಲ ಕಾಲೇಜು ರ‍್ಯಾಂಕಿಂಗ್ ಯಾವುದೆಂದು ಕೇಳಿದರೆ ನಾನು ಸಿಇಟಿಯನ್ನೇ ತೋರಿಸುತ್ತೇನೆ. ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಕಟ್‌ಆಫ್ ಪಟ್ಟಿಯನ್ನು ಯಾರೂ ರ‍್ಯಾಂಕಿಂಗ್ ಎಂದು ಕರೆಯಲಿಲ್ಲ, ಆದರೆ ಎಲ್ಲರೂ ಹಾಗೆಯೇ ಓದಿದರು. ಇಂದಿಗೂ ಆಪ್ಷನ್ ಎಂಟ್ರಿ ಮಾಡುವಾಗ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವಾಗ, ಕೈಯಲ್ಲಿರುವುದು ಅದೇ. ಆ ಪಟ್ಟಿ ಹೇಳುವುದು ಒಳಗೆ ಹೋಗುವವರ ಅಂಕವನ್ನು. ನಾಲ್ಕು ವರ್ಷದಲ್ಲಿ ಕಾಲೇಜು ಅವರಿಗೆ ಕಲಿಸಿದ್ದನ್ನು ಅದು ಹೇಳುವುದಿಲ್ಲ. ಬೆಂಗಳೂರಿನ ಕಾಲೇಜು ಎಂಬ ಕಾರಣಕ್ಕೇ ಮೇಲಿರುವ ಕಾಲೇಜುಗಳು ಅದರಲ್ಲಿ ಎಷ್ಟೋ.

ಅಮೆರಿಕದಲ್ಲಿ 1983ರಲ್ಲಿ ಯುಎಸ್ ನ್ಯೂಸ್ ಪತ್ರಿಕೆ ಕಾಲೇಜು ಮುಖ್ಯಸ್ಥರ ಅಭಿಪ್ರಾಯ ಕೇಳಿ ತನ್ನ ಮೊದಲ ಪಟ್ಟಿ ಮಾಡಿತು. ಕೆಲವೇ ವರ್ಷಗಳಲ್ಲಿ ಅದು ವಾರ್ಷಿಕ ಪದ್ಧತಿಯಾಯಿತು. 2003ರಲ್ಲಿ ಚೀನಾದ ಶಾಂಘೈ ಜಿಯಾವ್ ತಾಂಗ್ ವಿಶ್ವವಿದ್ಯಾಲಯ, ತಮ್ಮ ದೇಶದ ವಿಶ್ವವಿದ್ಯಾಲಯಗಳು ಜಗತ್ತಿನ ಉತ್ತಮ ಸಂಸ್ಥೆಗಳಿಗಿಂತ ಎಷ್ಟು ಹಿಂದಿವೆ ಎಂದು ತಿಳಿಯಲು ಜಾಗತಿಕ ಪಟ್ಟಿ ಮಾಡಿತು. ಅದರಲ್ಲಿ ಶೇ 30ರಷ್ಟು ಅಂಕ ನೊಬೆಲ್ ಮತ್ತು ಫೀಲ್ಡ್ಸ್ ಪದಕಗಳಿಗೇ ಮೀಸಲು. ಮರುವರ್ಷ ಬ್ರಿಟನ್ನಿನ ಪಟ್ಟಿ ಬಂತು. ಇವುಗಳಲ್ಲಿ ಭಾರತದ ಸಂಸ್ಥೆಗಳು ಮೊದಲ ನೂರರಲ್ಲಿ ಏಕಿಲ್ಲ ಎಂಬ ಕೂಗು ಪ್ರತಿವರ್ಷ ಎದ್ದು, ಅದಕ್ಕೆ ಉತ್ತರವೆಂಬಂತೆ ಕೇಂದ್ರ ಸರ್ಕಾರ 2015ರ ಸೆಪ್ಟೆಂಬರಿನಲ್ಲಿ ಎನ್‌ಐಆರ್‌ಎಫ್ ಎಂಬ ರಾಷ್ಟ್ರೀಯ ರ‍್ಯಾಂಕಿಂಗ್ ಚೌಕಟ್ಟನ್ನು ಪ್ರಕಟಿಸಿತು. ಮೊದಲ ಪಟ್ಟಿ 2016ರ ಏಪ್ರಿಲ್‌ನಲ್ಲಿ ಹೊರಬಂತು. ಪದವಿ ಕಾಲೇಜುಗಳು ಸೇರಿಕೊಂಡದ್ದು 2017ರಲ್ಲಿ.

ನಮ್ಮ ಸೀಮೆಯ ಕಾಲೇಜುಗಳಿಗೆ ಇದು ಎಷ್ಟು ಒಗ್ಗುತ್ತದೆ ಎಂದು ನೋಡಲು ಅದರ ಅಂಕಪಟ್ಟಿಯ ಒಳಗೆ ಇಳಿಯಬೇಕು. ಬೋಧನೆ ಮತ್ತು ಸಂಪನ್ಮೂಲ, ಸಂಶೋಧನೆ, ಪದವಿ ಫಲಿತಾಂಶ, ಒಳಗೊಳ್ಳುವಿಕೆ, ಜನಾಭಿಪ್ರಾಯ ಎಂದು ಐದು ಭಾಗಗಳಿವೆ. ಒಳಗೊಳ್ಳುವಿಕೆ ಎಂಬ ಭಾಗವನ್ನೇ ತೆಗೆದುಕೊಳ್ಳಿ. ಅದರ ನೂರು ಅಂಕಗಳಲ್ಲಿ 30 ಹೊರ ರಾಜ್ಯ ಹಾಗೂ ಹೊರ ದೇಶದ ವಿದ್ಯಾರ್ಥಿಗಳಿಗೆ, 30 ಮಹಿಳೆಯರ ಪ್ರಮಾಣಕ್ಕೆ, 20 ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದವರಿಗೆ, 20 ಅಂಗವಿಕಲರ ಸೌಲಭ್ಯಗಳಿಗೆ. ಜಗಳೂರಿನ ಅಥವಾ ಮೊಳಕಾಲ್ಮುರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬರುವವರು ಸುತ್ತಲಿನ ಹಳ್ಳಿಗಳ ಮಕ್ಕಳು. ಬೆಳಿಗ್ಗೆ ಸಾರಿಗೆ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಹೊಲದ ಕೆಲಸಕ್ಕೆ ಮರಳುವವರೂ ಅವರಲ್ಲಿದ್ದಾರೆ. ಕಾಲೇಜು ತೆರೆದದ್ದೇ ಅವರಿಗಾಗಿ. ಹೊರ ರಾಜ್ಯದವರು ಬಂದಿಲ್ಲವೆಂದು ಅಂತಹ ಕಾಲೇಜಿಗೆ ಅಂಕ ಕಳೆಯುವ ಪಟ್ಟಿ, ದೂರದ ಶ್ರೀಮಂತ ಮಕ್ಕಳು ತುಂಬಿದ ಮಹಾನಗರದ ಕಾಲೇಜಿಗೆ ಅದೇ ಕಾರಣಕ್ಕೆ ಅಂಕ ಕೊಡುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಹುಡುಗಿಯನ್ನು ಎಣಿಸಲು ಅದರಲ್ಲಿ ಒಂದು ಕಲಂ ಇಲ್ಲ.

ಸಂಶೋಧನೆಯ ಲೆಕ್ಕವೂ ಹೀಗೆಯೇ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಎರಡು ಅಂತರರಾಷ್ಟ್ರೀಯ ದತ್ತಾಂಶ ಕೋಶಗಳಲ್ಲಿ ಸೇರಿದ ಪ್ರಬಂಧಗಳನ್ನು ಅಲ್ಲಿ ಎಣಿಸುತ್ತಾರೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ, ಮ್ಯಾಸಬೇಡರ ಮೌಖಿಕ ಕಾವ್ಯಗಳನ್ನು ಹಟ್ಟಿಗೆ ಹಟ್ಟಿ ತಿರುಗಿ ಬರೆದುಕೊಂಡು ಕನ್ನಡದಲ್ಲಿ ಅಚ್ಚು ಹಾಕಿಸಿದ ಅಧ್ಯಾಪಕರ ಶ್ರಮ ಅಲ್ಲಿ ಹೆಚ್ಚುಕಡಿಮೆ ಸೊನ್ನೆ. ಚಿತ್ರದುರ್ಗದ ಕೋಟೆಯ ಶಾಸನಗಳ ಮೇಲೆ ವರ್ಷಗಟ್ಟಲೆ ದುಡಿದವರದೂ ಅದೇ ಪಾಡು. ಕನ್ನಡದಲ್ಲಿ ಬರೆದದ್ದು ಜ್ಞಾನವಲ್ಲ ಎಂದು ಸರ್ಕಾರ ಎಲ್ಲಿಯೂ ಹೇಳಿಲ್ಲ, ಸರಿ. ಆದರೆ ಎಣಿಕೆಗೆ ಬಾರದ್ದಕ್ಕೆ ಕ್ರಮೇಣ ಅನುದಾನವೂ ಬರುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಬೋಧನೆಯ ಭಾಗದಲ್ಲಿ ಅಧ್ಯಾಪಕರ ಸಂಖ್ಯೆ, ಪಿಎಚ್‌ಡಿ, ಅನುಭವ, ಖರ್ಚು ಮಾಡಿದ ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದು ನ್ಯಾಯವೇ. ಆದರೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಹುದ್ದೆ ಖಾಲಿ ಬಿಟ್ಟದ್ದು ಸರ್ಕಾರ, ಅಂಕ ಕಳೆದುಕೊಳ್ಳುವುದು ಕಾಲೇಜು, ಹೆಸರು ಕೆಡುವುದು ಅಲ್ಲಿ ಓದಿದ ಮಕ್ಕಳದು. ಇನ್ನು ಜನಾಭಿಪ್ರಾಯವೆಂದರೆ ಉದ್ಯೋಗದಾತರು ಮತ್ತು ಇತರ ವಿದ್ವಾಂಸರ ಅಭಿಪ್ರಾಯ. ಹೊಸದುರ್ಗದ ಕಾಲೇಜಿನ ಹೆಸರನ್ನು ಮುಂಬೈನ ಕಂಪನಿಯ ಅಧಿಕಾರಿ ಕೇಳಿರುವುದು ಹೇಗೆ?

ಪಟ್ಟಿಗೆ ಅರ್ಜಿ ಹಾಕಿದವರೇ ಕಡಿಮೆ ಎಂಬುದನ್ನೂ ಮರೆಯಬಾರದು. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ದೇಶದಲ್ಲಿದ್ದ ಕಾಲೇಜುಗಳು 45,473. 2024ರಲ್ಲಿ ಕಾಲೇಜು ವಿಭಾಗಕ್ಕೆ ಅರ್ಜಿ ಹಾಕಿದವು 3,371. ಪಟ್ಟಿಯಲ್ಲಿಲ್ಲದ ಕಾಲೇಜು ಕಳಪೆ ಎಂದು ತಿಳಿಯುವುದು ಇಲ್ಲಿಯೇ ತಪ್ಪುತ್ತದೆ.

ಪಟ್ಟಿಯ ಮೇಲಿನ ಸಾಲಿನಲ್ಲಿರುವವರ ಕಥೆ ಬೇರೆ. ಬಹುಪಾಲು ಮಾಹಿತಿಯನ್ನು ಕಾಲೇಜುಗಳೇ ತುಂಬಿ ಕಳುಹಿಸುತ್ತವೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕರೊಬ್ಬರು ತಮ್ಮದೇ ಸಂಸ್ಥೆ ಕಳುಹಿಸಿದ ಅಂಕಿಅಂಶಗಳನ್ನು 2022ರಲ್ಲಿ ಪ್ರಶ್ನಿಸಿದಾಗ, ಯುಎಸ್ ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಅದು ಅದೇ ವರ್ಷ 18ಕ್ಕೆ ಇಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಯೇಲ್ ಕಾನೂನು ಶಾಲೆ ಪಟ್ಟಿಯಿಂದಲೇ ಹೊರನಡೆಯಿತು. ನಮ್ಮಲ್ಲಿಯೂ 2020ರಲ್ಲಿ ಏಳು ಐಐಟಿಗಳು ಪಾರದರ್ಶಕತೆಯಿಲ್ಲವೆಂದು ಬ್ರಿಟನ್ನಿನ ಪಟ್ಟಿಯೊಂದಕ್ಕೆ ಬೆನ್ನು ತಿರುಗಿಸಿದವು. 2023ರಲ್ಲಿ ಸೈನ್ಸ್ ಪತ್ರಿಕೆ ಚೆನ್ನೈನ ದಂತವೈದ್ಯಕೀಯ ಕಾಲೇಜೊಂದರ ಬಗ್ಗೆ ವರದಿ ಮಾಡಿತು. ಪರೀಕ್ಷೆಯ ಹೆಸರಿನಲ್ಲಿ ಪದವಿ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅವುಗಳಲ್ಲಿ ಸಂಸ್ಥೆಯವರದೇ ಹಳೆಯ ಪ್ರಬಂಧಗಳನ್ನು ಉಲ್ಲೇಖಿಸಿ ಎಣಿಕೆ ಏರಿಸಿಕೊಳ್ಳಲಾಗುತ್ತಿದೆ ಎಂಬುದು ಅದರ ಸಾರ.

ರ‍್ಯಾಂಕಿಂಗ್‌ಗೆ ಜೊತೆಯಾಗಿ ನಿಂತಿರುವ ನ್ಯಾಕ್ ಶ್ರೇಣಿಯದೂ ನೋವಿನ ಕಥೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿಯೇ ಕಚೇರಿಯಿರುವ ಈ ಸಂಸ್ಥೆ ಕಾಲೇಜುಗಳ ಗುಣಮಟ್ಟವನ್ನು ಏಳು ಮಾನದಂಡಗಳಲ್ಲಿ ಪರಿಶೀಲಿಸುತ್ತದೆ. ತಂಡ ಬರುವ ಮುನ್ನಿನ ತಿಂಗಳುಗಳಲ್ಲಿ ತಾಲ್ಲೂಕು ಕಾಲೇಜುಗಳ ಸಿಬ್ಬಂದಿ ಕೊಠಡಿ ಹೊಕ್ಕರೆ ಆ ಒತ್ತಡ ಕಾಣುತ್ತದೆ: ಐದು ವರ್ಷದ ಕಡತಗಳು, ಪ್ರತಿ ಕಾರ್ಯಕ್ರಮಕ್ಕೂ ದಿನಾಂಕವಿರುವ ಫೋಟೊ, ಹಾಜರಾತಿ ಸಹಿ, ಸುಣ್ಣಬಣ್ಣದ ವಾಸನೆ, ತರಗತಿ ಮುಗಿಸಿ ಬಂದು ಸಂಜೆಯವರೆಗೆ ಎಕ್ಸೆಲ್ ಹಾಳೆ ತುಂಬುವ ಅಧ್ಯಾಪಕರು. ಇಷ್ಟೆಲ್ಲ ಪ್ರಾಮಾಣಿಕ ದುಡಿಮೆಯ ನಡುವೆ 2025ರ ಫೆಬ್ರುವರಿಯಲ್ಲಿ ಆಂಧ್ರದ ವಿಶ್ವವಿದ್ಯಾಲಯವೊಂದಕ್ಕೆ ಉತ್ತಮ ಶ್ರೇಣಿ ಕೊಡಲು ನಗದು, ಚಿನ್ನ, ಲ್ಯಾಪ್‌ಟಾಪ್, ಮೊಬೈಲ್ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿತು. ಬಿ ಶ್ರೇಣಿಗಾಗಿ ರಾತ್ರಿ ಹಗಲು ದುಡಿದ ಅಧ್ಯಾಪಕರಿಗೆ ಆ ಸುದ್ದಿ ಮಾಡಿದ ಅವಮಾನಕ್ಕೆ ಲೆಕ್ಕವಿಲ್ಲ. ಶ್ರೇಣಿಗಳನ್ನೇ ಕೈಬಿಟ್ಟು ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರಲ್ಲಿಯೇ ಪ್ರಕಟಿಸಿತ್ತು. ಅದು ಸರಿಯಾದ ದಿಕ್ಕು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಪಟ್ಟಿಗಳನ್ನು ಸುಟ್ಟುಹಾಕಬೇಕು ಎನ್ನುವವರ ಜೊತೆ ನಾನಿಲ್ಲ. ಎನ್‌ಐಆರ್‌ಎಫ್‌ನಿಂದ ಒಂದು ದೊಡ್ಡ ಉಪಕಾರವಾಗಿದೆ. ಭಾಗವಹಿಸುವ ಪ್ರತಿ ಕಾಲೇಜೂ ತಾನು ಕೊಟ್ಟ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದೆಲ್ಲ ಅದರಲ್ಲಿದೆ. ಕೆಲಸ ಸಿಕ್ಕವರ ನಡುಮಟ್ಟದ ಸಂಬಳವೂ ಇದೆ. ಮೇ–ಜೂನ್ ತಿಂಗಳಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯುದ್ದಕ್ಕೂ ಫ್ಲೆಕ್ಸ್‌ಗಳಲ್ಲಿ ಕಾಣುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಮುಖ. ನಡುಮಟ್ಟದ ಸಂಬಳವೆಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತ ಕಡಿಮೆ ಸಿಕ್ಕಿದೆ ಎಂದರ್ಥ. ನಿಮ್ಮ ಮಗನೋ ಮಗಳೋ ಯಾವ ಸಂಬಳ ನಿರೀಕ್ಷಿಸಬಹುದೆಂಬುದಕ್ಕೆ ಆ ಸಂಖ್ಯೆ ಫ್ಲೆಕ್ಸ್‌ಗಿಂತ ಹತ್ತು ಪಾಲು ಹೆಚ್ಚು ನಿಜ ಹೇಳುತ್ತದೆ. ಎರಡು ಮೂರು ಕಾಲೇಜುಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಹಿಂದಿನ ಮೂರು ವರ್ಷಗಳ ಅಂಕಿಗಳನ್ನು ಹೋಲಿಸಿ ನೋಡಿ. ಒಂದೇ ವರ್ಷದಲ್ಲಿ ಸಂಖ್ಯೆ ದಿಢೀರನೆ ಹಾರಿದ್ದರೆ ಪ್ರಾಂಶುಪಾಲರನ್ನೇ ಕಾರಣ ಕೇಳಿ. ಕೇಳುವ ಹಕ್ಕು ಶುಲ್ಕ ಕಟ್ಟುವವರಿಗೆ ಇದ್ದೇ ಇದೆ.

ಪಟ್ಟಿಗೆ ಅರ್ಜಿ ಹಾಕದ ಕಾಲೇಜುಗಳು ಅಂತಹ ಹಾಳೆಯನ್ನು ಇಡಬೇಕಿಲ್ಲ. ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡೂ ಜಿಲ್ಲೆಗಳ ಸರ್ಕಾರಿ ಪದವಿ ಕಾಲೇಜುಗಳಿಗೆ ರ‍್ಯಾಂಕ್ ಬೇಕಾಗಿಲ್ಲ, ಈ ಹಾಳೆ ಬೇಕು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು, ಸೇರಿದ ಹುಡುಗಿಯರಲ್ಲಿ ಪದವಿ ಮುಗಿಸಿದವರು ಎಷ್ಟು, ನಡುವೆ ಬಿಟ್ಟವರು ಯಾವ ಊರಿನವರು, ಆ ಊರಿಗೆ ಬಸ್ ಇದೆಯೇ. ಕಾಲೇಜು ಶಿಕ್ಷಣ ಇಲಾಖೆ ಪ್ರವೇಶಕ್ಕೆ ಮುನ್ನ, ಪ್ರತಿವರ್ಷ, ಕನ್ನಡದಲ್ಲಿ, ಪ್ರತಿ ಕಾಲೇಜಿನ ಸೂಚನಾ ಫಲಕದ ಮೇಲೆ ಇದನ್ನು ಹಾಕಲಿ.